ಗ್ರಾಮೋಫೋನಿನ ಕಮಾನು

ಅಕ್ಕಿಆಲೂರು
೧೪ ಫೆಬ್ರುವರಿ ೧೯೪೬

ಸವಣೂರಿನ ಗಡಿಯಾರದ ನಬೀಸಾಬರಿಗೆ, ನಿವೃತ್ತ ರೈಲ್ವೆ ಗಾರ್ಡ ಉಳವಪ್ಪನ ಶರಣು.

ನಾನು ಕೆಲಸ ಬಿಟ್ಟ ಮೇಲೆ ನಮ್ಮ ಭೇಟಿ ಆಗಿಲ್ಲ. ಈಗ ನನ್ನ ಎರಡೂ ಕಣ್ಣು ಹೋಗಿವೆ. ನರ ಒಣಗಿದೆ, ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ಹೇಳಿದರು. ಬರೆದುಕೊಡುವವರೂ ಓದಿ ಹೇಳುವವರೂ ಹತ್ತಿರದಲ್ಲೇ ಇದ್ದಾರೆ. ಆದ್ದರಿಂದ ಉತ್ತರ ಬರೆಯಲು ಸಂಕೋಚಪಡಬೇಡಿ.

ನನ್ನ ಮಗ ಅಜ್ಜಪ್ಪ ದಂಡಿನ ರೈಲ್ವೆಗೆ ಸೇರಿ ಆಸಾಮಿನ ಕಡೆ ಹೋದದ್ದು ನಿಮಗೆ ಗೊತ್ತಿದೆ. ಹೋದ ವರ್ಷದ ಹಿಂದಿನ ವರ್ಷ ಮಳೆಗಾಲದಲ್ಲಿ ಸೇತುವೆ ಕುಸಿದು ಅವನಿದ್ದ ಗಾಡಿ ಹೊಳೆಗೆ ಬಿತ್ತು. ಕಾಣೆಯಾಗಿದ್ದಾನೆ ಎಂದು ತಾರು ಬಂತು. ಸತ್ತಿದ್ದಾನೆ ಎಂದು ಬರಲಿಲ್ಲ. ಕಳೆದ ತಿಂಗಳು ಒಂದು ಪಾರ್ಸಲ್ ಬಂತು, ಅದರಲ್ಲಿ ಒಂದು ಗಡಿಯಾರವಿತ್ತು. ಜೊತೆಗಿದ್ದ ಇಂಗ್ಲಿಷ್ ಕಾಗದವನ್ನು ನೆರೆಮನೆಯ ಪರಮೇಶಪ್ಪ ಮಾಸ್ತರರು ಓದಿ ಹೇಳಿದರು. ಹೊಳೆಯಲ್ಲಿ ಸಿಕ್ಕ, ಗುರುತು ಹತ್ತದ ಒಂದು ಹೆಣದ ಜೇಬಿನಲ್ಲಿ ಇದು ಇತ್ತಂತೆ. ನಿಮ್ಮ ಮಗನ ಗಡಿಯಾರ ಹೌದಾದರೆ ತಿಳಿಸಿರಿ, ಆ ಹೆಣ ಅವನದೆಂದು ದಾಖಲು ಮಾಡುತ್ತೇವೆ. ಅಲ್ಲವಾದರೆ ಅದನ್ನೂ ತಿಳಿಸಿರಿ ಎಂದು ಕೇಳಿದ್ದಾರೆ.

ಅಜ್ಜಪ್ಪ ಒಯ್ದದ್ದು ನನ್ನ ಹಳೆಯ ಗಾರ್ಡ ಗಡಿಯಾರ. ಸೊಸೆ ಹೊನ್ನವ್ವ ಇದನ್ನು ನೋಡಿ, "ಇದು ಅವರದಲ್ಲರಿ ಮಾವಾ. ಅವರ ಗಡಿಯಾರದ ಮಾರಿ ಮ್ಯಾಲೆ ಏಳರ ಹಂತ್ಯಾಕ ಸೀಳಿತ್ತು. ಇದಕ್ಕ ಇಲ್ಲ" ಎಂದಳು. ಮದುವೆಯಾಗಿ ಅವನು ಮನೆಯಲ್ಲಿದ್ದಷ್ಟು ಕಾಲ ಅದನ್ನು ದಿನಾ ಒರೆಸಿ ಇಟ್ಟವಳು ಅವಳು. ಆದರೂ ಅದರ ಹೊಟ್ಟೆಯನ್ನು ಬಿಚ್ಚಿ ನೋಡಿದವರು ನೀವೊಬ್ಬರೇ. ಈಗ ಬಂದದ್ದನ್ನು ಸಂತೆಗೆ ಬಂದ ವೀಳ್ಯದೆಲೆ ವ್ಯಾಪಾರಿಯ ಕೈಯಲ್ಲಿ ಕಳಿಸಿದ್ದೇನೆ. ಹೌದೋ ಅಲ್ಲವೋ ನೋಡಿ ತಿಳಿಸಿರಿ. ನಿಮ್ಮ ಮಾತಿನ ಮೇಲೆ ಸರಕಾರಕ್ಕೆ ಉತ್ತರ ಹೋಗುತ್ತದೆ.

ಉಳವಪ್ಪ


ಸವಣೂರು
೨೬ ಫೆಬ್ರುವರಿ ೧೯೪೬

ಗಾರ್ಡಸಾಹೇಬರಿಗೆ ನಬೀಸಾಬನ ಸಲಾಮು. ಪತ್ರ ಓದಿ ಹೇಳುವ ಪರಮೇಶಪ್ಪ ಮಾಸ್ತರರಿಗೂ ಸಲಾಮು. ಅಕ್ಷರ ಮುತ್ತಿನ ಹಾಗಿವೆ, ಮಾಸ್ತರರ ಕೈ ಎಂದು ನೋಡಿದ ಕೂಡಲೇ ತಿಳಿಯಿತು.

ಮೊಣಕಾಲು ಹಿಡಿದುಕೊಂಡಿದೆ, ಇಲ್ಲದಿದ್ದರೆ ನಾನೇ ಬರುತ್ತಿದ್ದೆ. ಗಡಿಯಾರ ಮುಟ್ಟಿತು. ಹೊರಗಿನಿಂದ ಕಂಡದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಹೊರಗಿನ ಡಬ್ಬಿ ನಿಕಲ್ಲಿನದು. ನಿಮ್ಮದು ಬೆಳ್ಳಿಯದಿತ್ತು. ಬಿಳಿಯ ಮುಖ ಒಂದು ಸೀಳಿಲ್ಲದೆ ಚೊಕ್ಕಟವಾಗಿದೆ. ಸೊಸೆ ಹೇಳಿದ್ದು ಸರಿ, ಏಳರ ಪಕ್ಕದ ಸೀಳು ನನಗೂ ನೆನಪಿದೆ. ಗಂಟೆಯ ಮುಳ್ಳು ಒಂದು ಜಾತಿಯದು, ನಿಮಿಷದ ಮುಳ್ಳು ಇನ್ನೊಂದು ಜಾತಿಯದು. ಚಾವಿ ಕೊಡುವ ಗುಂಡಿಯೂ ಬೇರೆ ಯಾವುದೋ ಗಡಿಯಾರದ್ದು. ಒಟ್ಟಿನಲ್ಲಿ ಹೊರಗೆ ಕಾಣುವ ಯಾವ ಭಾಗವೂ ನಿಮ್ಮ ಗಡಿಯಾರದ್ದಲ್ಲ.

ಒಳಗೆ ನೀರು ಹೋಗಿ ತುಕ್ಕು ಹಿಡಿದಿದೆ. ತಿರುಪುಗಳು ಬರುತ್ತಿಲ್ಲ, ಸೀಮೆಎಣ್ಣೆಯಲ್ಲಿ ನೆನೆಯಿಟ್ಟಿದ್ದೇನೆ. ಯಾರೋ ಇತ್ತೀಚೆಗೆ ಸ್ವಲ್ಪ ಚಾವಿ ಕೊಟ್ಟ ಹಾಗಿದೆ. ತುಕ್ಕು ಹಿಡಿದ ಗಡಿಯಾರಕ್ಕೆ ಚಾವಿ ಕೊಡಬಾರದು, ಹಲ್ಲು ಮುರಿಯುತ್ತವೆ.

ಒಳಗನ್ನು ನೋಡದೆ ಖಾತ್ರಿ ಹೇಳಲಾರೆ. ಆದರೂ ಮನಸ್ಸು ಹಗುರ ಮಾಡಿಕೊಳ್ಳಿ. ಅಜ್ಜಪ್ಪ ನನ್ನ ಅಂಗಡಿಗೆ ಬಂದಾಗಲೆಲ್ಲ ಗೋಡೆಯ ಗಡಿಯಾರಗಳನ್ನು ನೋಡಿ, "ಕಾಕಾ, ನಿಮ್ಮ ಅಂಗಡ್ಯಾಗ ಹತ್ತು ಗಡಿಯಾರ, ಹತ್ತು ಟೈಮು. ರೈಲ್ವೆದಾಗ ಇದ್ದಿದ್ರ ನಿಮಗ ಹತ್ತು ಸಲ ಡಿಸ್‌ಮಿಸ್ ಆಗತಿತ್ತು" ಎನ್ನುತ್ತಿದ್ದ. ಅವನ ಬಾಯಿಂದ ಅದನ್ನು ಇನ್ನೊಮ್ಮೆ ಕೇಳುವ ದಿನ ಬರಲಿ.

ನಬೀಸಾಬ


ಅಕ್ಕಿಆಲೂರು
೫ ಮಾರ್ಚ್ ೧೯೪೬

ನಬೀಸಾಬರಿಗೆ ಶರಣು.

ಪತ್ರ ಓದಿಸಿ ಕೇಳಿದೆ. ಹೊರಗಿನದನ್ನು ಯಾವ ಪೇಟೆಯಲ್ಲಾದರೂ ಬದಲಿಸಬಹುದು. ಡಬ್ಬಿ ನೋಡಿ ನಿಲ್ಲಬೇಡಿ, ಒಳಗಿನದನ್ನು ನೋಡಿರಿ. ನಾನು ನಿಮ್ಮಿಂದ ಸಮಾಧಾನ ಕೇಳುತ್ತಿಲ್ಲ, ತಪಾಸಣೆ ಕೇಳುತ್ತಿದ್ದೇನೆ.

ಅವಸರಕ್ಕೆ ಕಾರಣವಿದೆ. ಹೊನ್ನವ್ವನ ಅಣ್ಣ ಚೌಡಪ್ಪ ಹಿರೇಕೆರೂರಿನಿಂದ ಬಂದಿದ್ದ. ಅಂಗಳದಲ್ಲಿ ಕುಳಿತು ನೇರವಾಗಿಯೇ ಕೇಳಿದ: "ಮಾಮಾರ, ನನ್ನ ತಂಗಿಗೆ ಇನ್ನೂ ಇಪ್ಪತ್ತೆರಡು. ನಿಮ್ಮ ಮಗಾ ಅದಾನಂದ್ರ ಅದಾನನ್ರಿ, ಇಲ್ಲಂದ್ರ ಇಲ್ಲನ್ರಿ. ನಡುಬರಕ ನಿಂದರಸಬ್ಯಾಡ್ರಿ." ಅವರ ಊರಿನಲ್ಲಿ ಗುದ್ಲೆಪ್ಪ ಎಂಬವನಿದ್ದಾನೆ. ಹೆಂಡತಿ ತೀರಿಕೊಂಡಿದ್ದಾಳೆ, ಹೊಲವಿದೆ, ಸ್ವಭಾವ ಒಳ್ಳೆಯದು. ನಮ್ಮಲ್ಲಿ ಗಂಡ ಸತ್ತ ಹೆಣ್ಣಿಗೆ ಉಡಿಕೆ ಮಾಡುವ ರೂಢಿ ಇದೆ, ಸೀರೆ ಉಡಿಸಿ ಎರಡನೆಯ ಮನೆಗೆ ಕಳಿಸುತ್ತೇವೆ. ಗಂಡ ಕಾಣೆಯಾದವಳಿಗೆ ಯಾವ ರೂಢಿಯೂ ಇಲ್ಲ.

ನಾನು ಉತ್ತರ ಕೊಡುವ ಮೊದಲೇ ಹೊನ್ನವ್ವ ಒಳಗಿನಿಂದ, "ಅಣ್ಣಾ, ಚಾ ಕುಡದು ಗಾಡಿ ಹೂಡು. ಬಿಸಲು ಏರತೈತಿ" ಎಂದಳು. ಅವನು ಎದ್ದು ಹೋದ.

ಇದನ್ನು ಹೇಳುವಾಗ ಬರೆಯುವವರ ಕೈ ನಿಂತಿತು. ಬರೆಯಿರಿ, ಬಿಡಬೇಡಿ ಎಂದೆ. ನಬೀಸಾಬರೇ, ಇದ್ದದ್ದನ್ನು ಇದ್ದ ಹಾಗೆ ತಿಳಿಸಿರಿ.

ಉಳವಪ್ಪ


ಸವಣೂರು
೨೧ ಮಾರ್ಚ್ ೧೯೪೬

ಗಾರ್ಡಸಾಹೇಬರಿಗೆ ಸಲಾಮು.

ಮಾಸ್ತರರೇ, ಈ ಪತ್ರವನ್ನು ಸೊಸೆಯ ಎದುರಿಗೆ ಓದಬೇಡಿ. ಆಕೆ ನೀರಿಗೋ ಹೊಲಕ್ಕೋ ಹೋದಾಗ ಓದಿರಿ.

ಗಡಿಯಾರ ಬಿಚ್ಚಿದೆ. ಮುಖದ ಹಿಂದೆ ಕಲಕತ್ತೆಯ ಒಂದು ಅಂಗಡಿಯ ಗುರುತಿದೆ. ಡಬ್ಬಿಯೂ ಮುಳ್ಳುಗಳೂ ಅಲ್ಲಿಯವೇ ಇರಬೇಕು. ಒಳಗಿನ ಯಂತ್ರ ಮಾತ್ರ ಹಳೆಯದು. ಆದರೆ ಅಂಥ ಯಂತ್ರಗಳು ನಿಮ್ಮ ಲೈನಿನಲ್ಲೇ ಎಷ್ಟೋ ಇದ್ದವು, ಅದರಿಂದ ಏನೂ ತೀರ್ಮಾನವಾಗುವುದಿಲ್ಲ ಎಂದುಕೊಂಡು ಮುಂದೆ ಬಿಚ್ಚಿದೆ.

ಕೊಟ್ಟ ಚಾವಿ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ಹಲ್ಲಿಗೆ ಒಂದು ಕೊಕ್ಕೆ ಇರುತ್ತದೆ. ಆ ಕೊಕ್ಕೆಯನ್ನು ಒತ್ತಿ ಹಿಡಿಯಲು ಕೂದಲಿನಂಥ ಒಂದು ಕಮಾನು. ನಿಮ್ಮ ಗಡಿಯಾರದಲ್ಲಿ ಅದು ಮುರಿದಾಗ ನೀವು ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು ನನ್ನ ಅಂಗಡಿಗೆ ಬಂದಿದ್ದಿರಿ. ಅಸಲು ಕಮಾನು ಸಿಗಲಿಲ್ಲ. ಮೂಲೆಯಲ್ಲಿ ಒಂದು ಕೆಟ್ಟ ಗ್ರಾಮೋಫೋನು ಬಿದ್ದಿತ್ತು. ಅದರ ಕಮಾನಿನ ತುದಿ ಕತ್ತರಿಸಿ, ಅರೆದು, ಬಗ್ಗಿಸಿ ಕೂಡಿಸಿದೆ. "ಇನ್ನ ಗಡಿಯಾರ ಹಾಡತೈತೇನ ನಬೀಸಾಬ?" ಎಂದು ನೀವು ನಕ್ಕಿರಿ. ಅದು ಇರಬೇಕಾದುದಕ್ಕಿಂತ ದಪ್ಪ, ಒಂದು ಮಗ್ಗುಲಲ್ಲಿ ನನ್ನ ಅರದ ಗೆರೆಗಳಿವೆ. ಜಗತ್ತಿನ ಬೇರೆ ಯಾವ ಗಡಿಯಾರದಲ್ಲೂ ಅದು ಇರಲಾರದು.

ಅದು ಇದರಲ್ಲಿದೆ.

ಇಡೀ ಗಡಿಯಾರದಲ್ಲಿ ಕಾರಖಾನೆಯದಲ್ಲದ ಆ ಒಂದು ತುಂಡು ನನ್ನ ಕೈಯದು, ಅದೇ ಸಾಕ್ಷಿ ಹೇಳುತ್ತಿದೆ. ಅಜ್ಜಪ್ಪ ಇದನ್ನು ಎಲ್ಲೋ ಬೀಳಿಸಿ ಒಡೆದಿರಬೇಕು. ನೀವು ಬೈಯುತ್ತೀರೆಂದು ಹೇಳದೆ ಕಲಕತ್ತೆಯಲ್ಲಿ ಸರಿಮಾಡಿಸಿಕೊಂಡಿರಬೇಕು.

ಹದಿನೈದು ದಿನ ಬರೆಯದೆ ಕುಳಿತಿದ್ದೆ. ನೀವು ಕೇಳಿದ್ದು ತಪಾಸಣೆ. ಅಲ್ಲಾಹನು ನಿಮಗೆ ತಾಳ್ಮೆ ಕೊಡಲಿ.

ನಬೀಸಾಬ


ಅಕ್ಕಿಆಲೂರು
೨ ಏಪ್ರಿಲ್ ೧೯೪೬

ನಬೀಸಾಬ ಕಾಕಾ ಅವರಿಗೆ ಹೊನ್ನವ್ವನ ನಮಸ್ಕಾರ.

ಕೈಬರಹ ಅದೇ ಇದೆ, ಹೆಸರು ಬೇರೆ ಇದೆ ಎಂದು ಗಾಬರಿಯಾಗಬೇಡಿ. ಮೊದಲಿನಿಂದಲೂ ಮಾವ ಹೇಳಿದ್ದನ್ನು ಬರೆದವಳು ನಾನೇ. ನಿಮ್ಮ ಪತ್ರಗಳನ್ನು ಓದಿ ಹೇಳಿದವಳೂ ನಾನೇ. ಮಾಸ್ತರರು ಓದಿದ್ದು ಆ ಇಂಗ್ಲಿಷ್ ಕಾಗದವನ್ನು ಮಾತ್ರ. ನೀವು ತಪ್ಪು ತಿಳಿದಿದ್ದಿರಿ, ನಾವೂ ತಿದ್ದಲಿಲ್ಲ.

ಆದ್ದರಿಂದ ಸೊಸೆಯ ಎದುರಿಗೆ ಓದಬೇಡಿ ಎಂಬ ಸಾಲನ್ನು ಮೊದಲು ಓದಿದವಳು ಸೊಸೆ.

ಮಾವ ಕಟ್ಟೆಯ ಮೇಲೆ ಕುಳಿತಿದ್ದರು. "ಬಂತೇನ ಪತ್ರ? ಓದು" ಎಂದರು. ನಾನು ಮನಸ್ಸಿನಲ್ಲೇ ಕೊನೆಯವರೆಗೆ ಓದಿಕೊಂಡೆ. "ಯಾಕವ್ವಾ, ಅಕ್ಷರ ತಿಳಿವಲ್ದೇನ?" ಎಂದರು. "ಹೌದರಿ, ಮಸಿ ಚೆಲ್ಲೇತಿ" ಎಂದೆ. ಆಮೇಲೆ ಗಟ್ಟಿಯಾಗಿ ಓದಿದೆ: ಒಳಗಿನ ಯಂತ್ರವೂ ಬೇರೆ, ನಾನು ಮಾಡಿದ ರಿಪೇರಿಯ ಗುರುತು ಎಲ್ಲಿಯೂ ಇಲ್ಲ, ಇದು ನಿಮ್ಮ ಗಡಿಯಾರವಲ್ಲ ಎಂದು. ಹಾಳೆಯ ಮೇಲೆ ಒಂದು ಇತ್ತು, ನನ್ನ ಬಾಯಲ್ಲಿ ಇನ್ನೊಂದು ಬಂತು. ಮಾವ, "ಹಂಗಾರ ಆತು" ಎಂದರು. ಸರಕಾರಕ್ಕೆ ಗಡಿಯಾರ ನಮ್ಮದಲ್ಲ ಎಂದು ಬರೆಸಿದರು. ಮಾಸ್ತರರು ಇಂಗ್ಲಿಷಿನಲ್ಲಿ ಬರೆದುಕೊಟ್ಟರು, ಮಾವ ಸಹಿ ಹಾಕಿದರು.

ಕಾಕಾ, ಅವರಿಗೆ ಬೆಳಕು ಹೋಗಿದೆ. ಉಳಿದಿರುವುದು ಮಗ ಬರುತ್ತಾನೆ ಎಂಬ ಆಸೆ ಒಂದೇ. ಅದನ್ನು ನನ್ನ ಮಾತಿನಿಂದಲೇ ಹೇಗೆ ಕಸಿಯಲಿ? ನಾನು ಅತ್ತರೆ ಅವರಿಗೆ ಕೇಳುತ್ತದೆ. ಬಳೆ ಒಡೆದುಕೊಂಡರೆ ಕೇಳುತ್ತದೆ. ನಾನು ಒಳಗಿದ್ದೇನೋ ಹಿತ್ತಲಲ್ಲಿದ್ದೇನೋ ಎಂಬುದು ಅವರಿಗೆ ಗೊತ್ತಾಗುವುದು ಬಳೆಯ ಸಪ್ಪಳದಿಂದಲೇ. ಅಳಬೇಕಾದರೆ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗುತ್ತೇನೆ.

ಗಡಿಯಾರ ನಿಮ್ಮಲ್ಲೇ ಇರಲಿ. ಮುಂದಿನ ಪತ್ರದಲ್ಲಿ ಅದು ಬೇರೆಯವರದು ಎಂಬಂತೆಯೇ ಒಂದು ಮಾತು ಬರೆಯಿರಿ. ನಿಮ್ಮ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಸಿಟ್ಟು ಮಾಡಬೇಡಿ.

ಹೊನ್ನವ್ವ


ಸವಣೂರು
೧೫ ಏಪ್ರಿಲ್ ೧೯೪೬

ಹೊನ್ನವ್ವ ತಾಯಿಗೆ,

ಜೊತೆಗಿನ ಬೇರೆ ಹಾಳೆ ಗಾರ್ಡಸಾಹೇಬರಿಗೆ. ನೀನು ಕೇಳಿದ ಹಾಗೆ ಬರೆದಿದ್ದೇನೆ. ಬರೆಯುವಾಗ ಮೂರು ಸಲ ಹರಿದು ಹಾಕಿದೆ.

ಸಿಟ್ಟಿಲ್ಲ. ನನಗೂ ಹೆಣ್ಣುಮಕ್ಕಳಿದ್ದಾರೆ. ದೊಡ್ಡವಳು ಮಾಸೂಮಾ ನಿನ್ನ ವಯಸ್ಸಿನವಳೇ. ಅವಳಿಗೆ ಓದಿ ಹೇಳಿದೆ. ಅವಳು, "ಅಬ್ಬಾ, ಮುದುಕರ ಕಣ್ಣೀರು ಉಳೀತು ಖರೆ. ಆಕೀದು ಯಾರ ಲೆಕ್ಕದಾಗ ಬಂತು?" ಎಂದಳು. ಹಿರೇಕೆರೂರಿನ ಮಾತು ಏನಾಯಿತು? ನೀನು ಅದರ ಬಗ್ಗೆ ಒಂದಕ್ಷರ ಬರೆದಿಲ್ಲ.

ನಬೀಸಾಬ


ಅಕ್ಕಿಆಲೂರು
೧೮ ಆಗಸ್ಟ್ ೧೯೪೬

ನಬೀಸಾಬ ಕಾಕಾ ಅವರಿಗೆ ನಮಸ್ಕಾರ.

ಉತ್ತರ ತಡವಾಯಿತು. ನಾಟಿಯ ಕೆಲಸವಿತ್ತು. ಮಾವ ಆರಾಮ ಇದ್ದಾರೆ, ಆದರೆ ಮಾತು ಕಡಿಮೆಯಾಗಿದೆ. ಚಿಂತೆ ಇಳಿದಿದ್ದರಿಂದ ಇರಬೇಕು.

ಅಣ್ಣ ಮತ್ತೆ ಬಂದಿದ್ದ. ಈ ಸಲ ಮಾವನೇ ನನ್ನನ್ನು ಕರೆದು ಕೇಳಿದರು: "ಹೊನ್ನವ್ವಾ, ಅಂವಾ ಬರಲಿಕ್ಕಿಲ್ಲ ಅಂತ ನಿನಗ ಎಂದರ ಅನಸತೈತೇನ?" ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ, ನಾನು ಹೌದೆಂದರೆ ಅವರ ಎದೆ ಒಡೆಯುತ್ತದೆ ಎಂದುಕೊಂಡೆ. "ಬರತಾರ್ರಿ. ಗಡಿಯಾರ ಅವರದಲ್ಲಲ್ಲ" ಎಂದೆ. ಮಾವ ತಲೆ ಅಲ್ಲಾಡಿಸಿ ಗೋಡೆಯ ಕಡೆ ಮುಖ ಮಾಡಿದರು. ಸಮಾಧಾನವಾದಂತೆ ಕಂಡಿತು.

ಗುದ್ಲೆಪ್ಪನವರು ದೀಪಾವಳಿಯವರೆಗೆ ಕಾಯುತ್ತಾರಂತೆ. ಒಮ್ಮೆ ಹಾನಗಲ್ಲಿನಲ್ಲಿ ಅಣ್ಣನ ಜೊತೆ ಅವರನ್ನು ನೋಡಿದ್ದೆ. ನನ್ನ ತಲೆಯ ಮೇಲಿದ್ದ ಅಕ್ಕಿಚೀಲ ಇಳಿಸಿ ಬಸ್ಸಿನಲ್ಲಿ ಇಟ್ಟುಕೊಟ್ಟರು. ಇಷ್ಟೇ ವಿಷಯ.

ಹೊನ್ನವ್ವ


ಅಕ್ಕಿಆಲೂರು
೩ ಮಾರ್ಚ್ ೧೯೪೭

ಕಾಕಾ ಅವರಿಗೆ ನಮಸ್ಕಾರ.

ಕಳೆದ ಸೋಮವಾರ ಹಿರೇಕೆರೂರಿನಲ್ಲಿ ಗುದ್ಲೆಪ್ಪನವರ ಮದುವೆಯಾಯಿತು. ಮಾವ, "ಎಲ್ಲೀ ಹೆಣ್ಣಂತ?" ಎಂದು ಕೇಳಿದರು. ಹೇಳಿದೆ. ಆ ದಿನ ಅವರು ಊಟ ಮಾಡಲಿಲ್ಲ. ಹೊಟ್ಟೆ ಕೆಟ್ಟಿದೆ ಎಂದರು. ನನಗೂ ಕಡಿಮೆ ಅಡಿಗೆ ಸಾಕಾಯಿತು.

ಹೊನ್ನವ್ವ


ಅಕ್ಕಿಆಲೂರು
೯ ನವೆಂಬರ್ ೧೯೪೭

ನಬೀಸಾಬರಿಗೆ ಉಳವಪ್ಪನ ಶರಣು.

ಇದು ನಿಜವಾಗಿಯೂ ಪರಮೇಶಪ್ಪ ಮಾಸ್ತರರ ಕೈ. ಹೊನ್ನವ್ವ ಅಣ್ಣನ ಕೂಸಿಗೆ ಹೆಸರಿಡುವುದಕ್ಕೆ ಹಿರೇಕೆರೂರಿಗೆ ಹೋಗಿದ್ದಾಳೆ. ಅವಳಿಲ್ಲದಾಗ ಬರೆಸಬೇಕೆಂದೇ ಕಾದಿದ್ದೆ.

ಆ ಗಡಿಯಾರ ನನ್ನದೆಂದು ನನಗೆ ಮೊದಲೇ ಗೊತ್ತಿತ್ತು. ಪಾರ್ಸಲ್ ಬಂದ ದಿನವೇ ಕೈಯಲ್ಲಿ ಹಿಡಿದು ಎರಡು ಸುತ್ತು ಚಾವಿ ಕೊಟ್ಟೆ. ನಿಮ್ಮ ಗ್ರಾಮೋಫೋನಿನ ಕಮಾನು ಬೇರೆ ಗಡಿಯಾರದ ಹಾಗೆ ಟಿಕ್ ಎನ್ನುವುದಿಲ್ಲ, ಗಂಟಲು ಕಟ್ಟಿದವರ ಹಾಗೆ ಗೊರ್ ಎನ್ನುತ್ತದೆ. ಅದನ್ನು ವರ್ಷಗಟ್ಟಲೆ ದಿನಾ ಬೆಳಿಗ್ಗೆ ಕೇಳಿದವನು ನಾನು. ಆ ಗಳಿಗೆಯಲ್ಲೇ ನನ್ನ ಮಗ ನನಗೆ ಸತ್ತ.

ಹಾಗಾದರೆ ನಿಮಗೆ ಯಾಕೆ ಕಳಿಸಿದೆ ಎಂದು ಕೇಳಬಹುದು. ಆ ಹುಡುಗಿ ಪಕ್ಕದಲ್ಲಿ ನಿಂತು ಇದು ಅವರದಲ್ಲ ಎನ್ನುತ್ತಿದ್ದಳು. ನಿನ್ನ ಗಂಡ ಸತ್ತ, ಬಳೆ ತೆಗಿ ಎಂದು ಗಂಡನ ತಂದೆ ಹೇಗೆ ಹೇಳಬೇಕು? ನಿಮ್ಮ ಪತ್ರ ಅವಳೇ ಓದುತ್ತಾಳೆ, ಗಡಿಯಾರ ಬಲ್ಲವರ ಮಾತು, ನಂಬುತ್ತಾಳೆ. ಅತ್ತು ಹಗುರಾಗಿ ಇನ್ನೊಂದು ಮನೆ ಸೇರುತ್ತಾಳೆ. ಇದು ನನ್ನ ಎಣಿಕೆ.

ಪತ್ರ ಬಂದಾಗ ಯಂತ್ರವೂ ಬೇರೆ ಎಂದು ಅವಳು ಓದಿದ್ದನ್ನು ಕೇಳಿದೆ. ನೀವು ನನ್ನನ್ನು ಕನಿಕರಿಸಿ ಸುಳ್ಳು ಬರೆದಿದ್ದೀರಿ ಎಂದುಕೊಂಡೆ. ಅವಳ ದನಿಯಲ್ಲಿ ಏನೋ ಇತ್ತು. ಅದನ್ನು ಸಂತೋಷ ಎಂದು ತಿಳಿದೆ. ಇಷ್ಟು ಆಸೆ ಇಟ್ಟುಕೊಂಡವಳ ಕೈಯಿಂದ ಅದನ್ನು ಕಸಿಯಲಾಗಲಿಲ್ಲ. ಗಡಿಯಾರ ನಮ್ಮದಲ್ಲ ಎಂದು ಸಹಿ ಹಾಕಿದೆ. ನನ್ನ ಮಗನ ಗೋರಿಯನ್ನು ನಾನೇ ಬೇರೆಯವರದು ಮಾಡಿದೆ.

ಈಗ ಸಂಶಯ ಬಂದಿದೆ. ಈ ಪಂಚಮಿಗೆ ನೆರೆಮನೆಯವರು ಮುತ್ತೈದೆಯರಿಗೆ ಉಡಿ ತುಂಬುವುದಕ್ಕೆ ಕರೆಯಲು ಬಂದರು. ಹೊನ್ನವ್ವ, "ನನಗ ತಲಿ ನೋಯಾಕತ್ತೇತ್ರಿ" ಎಂದಳು. ಅವರು, "ನಿನಗ ಹಬ್ಬಕ್ಕೊಮ್ಮೆ ತಲಿ ನೋಯತೈತಿ ನೋಡವಾ" ಎಂದು ಹೋದರು. ಕುಳಿತು ನೆನಪು ಮಾಡಿಕೊಂಡೆ. ಆ ಪತ್ರ ಬಂದಾಗಿನಿಂದ ಒಂದು ಹಬ್ಬಕ್ಕೂ ಅವಳು ಉಡಿ ತುಂಬಿಸಿಕೊಂಡಿಲ್ಲ. ಗಂಡ ಇದ್ದಾನೆಂದು ನಂಬಿದ ಹೆಣ್ಣು ಹಾಗೆ ಮಾಡುವುದಿಲ್ಲ.

ನಬೀಸಾಬರೇ, ಆ ದಿನ ನೀವು ಬರೆದದ್ದೇನು? ಸುಳ್ಳು ಹೇಳಿದವರು ನೀವೋ ಅವಳೋ?

ಉಳವಪ್ಪ


ಸವಣೂರು
೨೦ ನವೆಂಬರ್ ೧೯೪೭

ಗಾರ್ಡಸಾಹೇಬರಿಗೆ ಸಲಾಮು.

ಹೊನ್ನವ್ವ ತಾಯೀ, ನೀನು ಊರಿಂದ ಬಂದಿರುತ್ತೀ, ಈ ಪತ್ರ ನಿನ್ನ ಕೈಗೇ ಬರುತ್ತದೆ. ಒಂದಕ್ಷರ ಬದಲಿಸದೆ ಗಟ್ಟಿಯಾಗಿ ಓದು.

ಗಡಿಯಾರ ಅಜ್ಜಪ್ಪನದೇ ಎಂದು ನಾನು ಅಂದೇ ಬರೆದಿದ್ದೆ. ಅದನ್ನು ಬೇರೆ ಮಾಡಿ ಓದಿದವಳು ಹೊನ್ನವ್ವ. ನಿಮ್ಮ ಆಸೆ ಮುರಿಯಬಾರದೆಂದು ಓದಿದಳು. ಮುಂದಿನ ಹಾಳೆಯಲ್ಲಿ ಅದಕ್ಕೆ ಹೂಂಗುಟ್ಟಿದವನು ನಾನು. ಗಾರ್ಡಸಾಹೇಬರಿಗೂ ಮೊದಲ ದಿನದಿಂದ ಗೊತ್ತಿತ್ತು, ತಾಯೀ. ನಿನಗೆ ಉಡಿಕೆ ಆಗಲಿ ಎಂದೇ ಅವರು ನನ್ನಿಂದ ತಪಾಸಣೆ ಕೇಳಿದ್ದರು. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಇನ್ನೊಬ್ಬರಿಗೆ ಗೊತ್ತಿಲ್ಲ ಎಂದುಕೊಂಡಿರಿ.

ಇನ್ನು ನನ್ನ ಬಳಿ ಬಚ್ಚಿಟ್ಟದ್ದು ಏನೂ ಇಲ್ಲ.

ನಬೀಸಾಬ


ಅಕ್ಕಿಆಲೂರು
೧೪ ಡಿಸೆಂಬರ್ ೧೯೪೭

ನಬೀಸಾಬ ಕಾಕಾ ಅವರಿಗೆ ಹೊನ್ನವ್ವನ ನಮಸ್ಕಾರ.

ನೀವು ಹೇಳಿದ ಹಾಗೆ ಒಂದಕ್ಷರ ಬದಲಿಸದೆ ಓದಿದೆ. ನಡುವೆ ಎರಡು ಸಲ ನಿಂತೆ. ಮಾವ ಅವಸರ ಮಾಡಲಿಲ್ಲ. ಓದಿ ಮುಗಿದ ಮೇಲೆ ಕೈ ಚಾಚಿ ನನ್ನ ತಲೆ ಹುಡುಕಿ ಮುಟ್ಟಿದರು. "ಇಬ್ರೂ ಕೂಡಿ ನಬೀಸಾಬನ್ನ ಸುಳ್ಳುಗಾರನ್ನ ಮಾಡಿದಿವಿ" ಎಂದರು. ಆಮೇಲೆ ಇಬ್ಬರೂ ಅತ್ತೆವು. ಈ ಮನೆಯಲ್ಲಿ ಗಟ್ಟಿಯಾಗಿ ಅತ್ತದ್ದು ಅದೇ ಮೊದಲು. ಮಾಸ್ತರರು ಗೋಡೆ ದಾಟಿ ಓಡಿ ಬಂದರು.

ಮಠದ ಅಯ್ಯನವರನ್ನು ಕರೆಸಿ ನನ್ನ ಗಂಡನ ಹೆಸರಿನಲ್ಲಿ ಮಾಡಬೇಕಾದ್ದನ್ನು ಮಾಡಿದೆವು. ಯಾವಾಗ ಸತ್ತ ಎಂದು ಬಂದವರು ಕೇಳಿದರು. ಮಾವ, "ಮೂರು ವರ್ಷದ ಹಿಂದ. ನಮಗ ಹೇಳಿಕೊಳ್ಳಾಕ ತಡಾ ಆತು" ಎಂದರು. ಬಳೆ ತೆಗೆದೆ. ಈಗ ಒಳಗೆ ಹೊರಗೆ ಓಡಾಡುವಾಗ ಅವರಿಗೆ ತಿಳಿಯಲೆಂದು ಸಣ್ಣಗೆ ಕೆಮ್ಮುತ್ತೇನೆ. ಸರಕಾರಕ್ಕೆ ಹೊಸ ಕಾಗದ ಬರೆಸಿದೆವು. ಉತ್ತರ ಬಂದಿಲ್ಲ. ಬರುತ್ತದೆಂಬ ನಂಬಿಕೆ ಮಾಸ್ತರರಿಗೂ ಇಲ್ಲ.

ಒಂದು ವಿಷಯ ನಿಮಗೆ ಮಾತ್ರ ಬರೆಯುತ್ತಿದ್ದೇನೆ. ಹೆಸರಿಡುವುದಕ್ಕೆ ಹಿರೇಕೆರೂರಿಗೆ ಹೋದಾಗ ಗುದ್ಲೆಪ್ಪನವರು ಅಣ್ಣನ ಮನೆಗೆ ಊಟಕ್ಕೆ ಬಂದಿದ್ದರು. ಅವರ ಹೆಂಡತಿಗೆ ತಿಂಗಳು ತುಂಬಿವೆ. ನಾನು ನೀರು ಕೊಡಲು ಹೋದೆ. ತಂಬಿಗೆ ತೆಗೆದುಕೊಂಡು ತಲೆ ಎತ್ತದೆ, "ಇನ್ನೂ ಕಾಯತಿದ್ದೆನ್ರಿ. ಒಂದು ಮಾತು ಬಂದಿದ್ರ ಸಾಕಿತ್ತು" ಎಂದರು. ನಾನು ಮಜ್ಜಿಗೆ ಬೇಕೇ ಎಂದು ಕೇಳಿದೆ.

ನಿನ್ನೆ ಮಾವ, "ಹಿರೇಕೆರೂರಾಗ ಅಂವಾ ಸಿಕ್ಕಿದ್ನೇನ? ಏನರ ಅಂದ್ನೇನ?" ಎಂದು ಕೇಳಿದರು. ಸಿಕ್ಕಿದ್ದರು, ಸುಖವಾಗಿದ್ದಾರೆ, ಏನೂ ಅನ್ನಲಿಲ್ಲ ಎಂದೆ. ಮಾವ ಮತ್ತೆ ಕೇಳಲಿಲ್ಲ.

ಇನ್ನು ಮುಂದೆ ನಿಮ್ಮ ಪತ್ರಗಳನ್ನು ಮಾಸ್ತರರ ಕಡೆಯಿಂದ ಓದಿಸಿಕೊಳ್ಳುತ್ತೇನೆ ಎಂದು ಮಾವ ಹೇಳಿದ್ದಾರೆ. ಸಿಟ್ಟಿನಿಂದ ಹೇಳಲಿಲ್ಲ. ಆದ್ದರಿಂದ ಉತ್ತರ ಬರೆಯುವಾಗ ದಯವಿಟ್ಟು ಗುದ್ಲೆಪ್ಪನವರ ಹೆಸರು ತರಬೇಡಿ.

ಹೊನ್ನವ್ವ